ಸಾಕ್ಷ್ಯಚಿತ್ರದ ಧ್ವನಿ ಕೈಕೊಟ್ಟಾಗ: ದೋಷ ಹುಟ್ಟಿದ ಜಾಗ ಹುಡುಕುವ ಬಗೆ

ಮಾತು ತುಟಿಗೆ ಕೂಡುತ್ತಿಲ್ಲ, ಹಾಲ್‌ನಲ್ಲಿ ಹಾಕಿದರೆ ದನಿಯೇ ಮಾಯ, ಹಿಂದೆ ಏನೋ ಗುಂಯ್ ಅನ್ನುತ್ತಿದೆ. ದೂರು ಯಾವುದೇ ಇರಲಿ, ಎಡಿಟಿಂಗ್ ಕಲಿಯುತ್ತಿರುವವರ ಕೈ ಮೊದಲು ಹೋಗುವುದು ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಪ್ಲಗಿನ್ ಕಡೆಗೆ. ಒಂದು ಸಾಲದಿದ್ದರೆ ಅದರ ಮೇಲೆ ಇನ್ನೊಂದು. ಹೀಗೆ ಮೂರು ನಾಲ್ಕು ಪದರ ಬಿದ್ದ ಮೇಲೆ ಮೂಲದಲ್ಲಿದ್ದ ದೋಷ ಯಾವುದು, ನಾವು ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸವಾಗುತ್ತದೆ. ಮದ್ದು ಹುಡುಕುವ ಮೊದಲು ದೋಷ ಎಲ್ಲಿ ಹುಟ್ಟಿತು ಎಂದು ಗೊತ್ತುಮಾಡಿಕೊಳ್ಳಿ. ಜಾಗ ಸಿಕ್ಕಿತೆಂದರೆ ಬಹಳ ಸಲ ಪ್ಲಗಿನ್ನಿನ ಅಗತ್ಯವೇ ಬೀಳುವುದಿಲ್ಲ.

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಒಂದೇ ಚಿತ್ರದವು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೈಮಗ್ಗದ ನೇಕಾರರ ಮೇಲೆ ವಿದ್ಯಾರ್ಥಿಗಳ ತಂಡವೊಂದು ಸಾಕ್ಷ್ಯಚಿತ್ರ ಮಾಡಿತು. ಅವರ ಹತ್ತಿರ ಇದ್ದದ್ದು ಒಂದು ಮಿರರ್‌ಲೆಸ್ ಕ್ಯಾಮೆರಾ, ಎರಡನೆಯ ಕೋನಕ್ಕೆ ಒಂದು ಫೋನು, ಕಾಲರ್ ಮೈಕು ಸಿಕ್ಕಿಸಿದ ಒಂದು ಪುಟ್ಟ ರೆಕಾರ್ಡರು. ಇವತ್ತು ನಮ್ಮ ಕಾಲೇಜುಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಸರಂಜಾಮೂ ಇದೇ ಆಗಿರುವುದರಿಂದ ಬರುವ ದೋಷಗಳೂ ಅವೇ.

ನಾಲ್ಕು ಕಡೆ ಕೇಳಿ

ಧ್ವನಿ ನಾಲ್ಕು ಮೆಟ್ಟಿಲು ದಾಟಿ ಪ್ರೇಕ್ಷಕರ ಕಿವಿಗೆ ಬರುತ್ತದೆ: ಮೂಲ ಫೈಲು, ತುಣುಕುಗಳನ್ನು ಜೋಡಿಸುವ ಟೈಮ್‌ಲೈನು, ಎಕ್ಸ್‌ಪೋರ್ಟ್ ಆದ ಫೈಲು, ಕೊನೆಗೆ ಸ್ಪೀಕರು. ದೋಷವಿರುವ ಹತ್ತು ಸೆಕೆಂಡಿನ ತುಣುಕೊಂದನ್ನು ಆರಿಸಿಕೊಂಡು ಈ ನಾಲ್ಕೂ ಕಡೆ ಕೇಳಿ. ಮೂಲ ಫೈಲನ್ನು ಎಡಿಟಿಂಗ್ ತಂತ್ರಾಂಶದಲ್ಲಿ ತೆರೆಯಬೇಡಿ. ವಿಎಲ್‌ಸಿಯಂಥ ಸಾದಾ ಪ್ಲೇಯರಿನಲ್ಲಿ ಕೇಳಿ. ಎಲ್ಲಿಯವರೆಗೆ ಚೆನ್ನಾಗಿದೆ, ಎಲ್ಲಿಂದ ಕೆಟ್ಟಿದೆ ಎಂದು ಬರೆದುಕೊಳ್ಳಿ. ಚೆನ್ನಾಗಿದ್ದ ಕೊನೆಯ ಮೆಟ್ಟಿಲಿಗೂ ಕೆಟ್ಟ ಮೊದಲ ಮೆಟ್ಟಿಲಿಗೂ ನಡುವೆ ದೋಷ ಹುಟ್ಟಿದೆ. ಮೂಲ ಫೈಲೇ ಕೆಟ್ಟಿದ್ದರೆ ಟೈಮ್‌ಲೈನಿನ ಸೆಟ್ಟಿಂಗ್ ತಡಕುವುದು ವ್ಯರ್ಥ. ಎಕ್ಸ್‌ಪೋರ್ಟ್ ಫೈಲು ಸರಿಯಿದ್ದು ಹಾಲ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಎಡಿಟರ್ ಮತ್ತೆ ಕೂತು ಮಿಕ್ಸ್ ಮಾಡುವ ಅಗತ್ಯವಿಲ್ಲ, ಹಾಲ್‌ನ ವೈರು ನೋಡಬೇಕು.

ಇನ್ನೊಂದು ಕಟ್ಟುಪಾಡು: ಪರೀಕ್ಷೆ ಮಾಡುವಾಗ ಎಲ್ಲ ಎಫೆಕ್ಟುಗಳನ್ನೂ ಬಂದ್ ಮಾಡಿ, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ವೈರು, ಸೆಟ್ಟಿಂಗು ಎರಡನ್ನೂ ಒಟ್ಟಿಗೆ ಬದಲಿಸಿ ದೋಷ ಹೋಯಿತೆಂದರೆ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಚಿತ್ರದಲ್ಲಿ ಅದೇ ಮತ್ತೆ ಬರುತ್ತದೆ.

ತುಟಿಗೂ ಮಾತಿಗೂ ಕೂಡುತ್ತಿಲ್ಲ

ಮೊಟ್ಟಮೊದಲು ಕಿವಿಯಲ್ಲಿರುವ ಬ್ಲೂಟೂತ್ ಇಯರ್‌ಫೋನ್ ತೆಗೆಯಿರಿ. ಅದರಲ್ಲಿ ಧ್ವನಿ ನೂರಿನ್ನೂರು ಮಿಲಿಸೆಕೆಂಡು ತಡವಾಗಿ ಬರುವುದು ಮಾಮೂಲು. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮಿಗೆ 40 ಮಿಲಿಸೆಕೆಂಡು. ಹಾಗಾಗಿ ಕೂಡಿಯೇ ಇದ್ದ ಮಾತನ್ನು ಎಡಿಟರ್ ಮೂರು ನಾಲ್ಕು ಫ್ರೇಮು ಮೊದಲೇ ಬರುವಂತೆ ಎಳೆದು ತಾನೇ ಕೆಡಿಸಿಬಿಡುವುದುಂಟು. ವೈರಿನ ಹೆಡ್‌ಫೋನು ಹಾಕಿ ಮತ್ತೆ ನೋಡಿ. ಇಲ್ಲಿ ಸೂಕ್ಷ್ಮವೊಂದಿದೆ. ಧ್ವನಿ ಚಿತ್ರಕ್ಕಿಂತ ತಡವಾಗುವುದನ್ನು ನಮ್ಮ ಮನಸ್ಸು ಬಹಳಷ್ಟು ಸಹಿಸುತ್ತದೆ, ಮೊದಲೇ ಬರುವುದನ್ನು ಸಹಿಸುವುದಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡದ ಪ್ರಕಾರ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಸಾಕು, ನೋಡುವವರಿಗೆ ಗೊತ್ತಾಗುತ್ತದೆ. ಹಿಂದಾದರೆ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ. ದೂರದ ಮಾತು ತಡವಾಗಿ ಕೇಳುವುದು ಲೋಕದಲ್ಲಿ ಸಹಜ, ತುಟಿ ಅಲುಗುವ ಮೊದಲೇ ಮಾತು ಕೇಳುವುದು ಎಲ್ಲೂ ಇಲ್ಲ. ಅನುಮಾನವಿದ್ದಾಗ ಧ್ವನಿಯನ್ನು ಒಂದು ಫ್ರೇಮು ತಡ ಮಾಡುವುದು ಮುಂದೆ ಮಾಡುವುದಕ್ಕಿಂತ ಮೇಲು.

ಇಯರ್‌ಫೋನಿನ ತಪ್ಪಲ್ಲ ಎಂದು ಖಾತ್ರಿಯಾದ ಮೇಲೆ ಅಳತೆ ಮಾಡಿ. ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಹೊಡೆತವೊಂದು ಶಾಟ್‌ನ ಆರಂಭದಲ್ಲಿ ಬೇಕು, ಕೊನೆಯಲ್ಲಿ ಇನ್ನೊಂದು ಬೇಕು. ಕ್ಲ್ಯಾಪ್ ಹೊಡೆದಿದ್ದರೆ ಸರಿ. ಹೊಡೆಯದಿದ್ದರೂ ಇಳಕಲ್ಲಿನ ಚಿತ್ರದಲ್ಲಿ ಕೊರತೆ ಇರಲಿಲ್ಲ. ಲಾಳಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿದ ಕೂಡಲೇ ನೇಕಾರ ಹಲಗೆಯನ್ನು ತನ್ನ ಕಡೆ ಎಳೆದು ಹೊಕ್ಕಿನ ಎಳೆಯನ್ನು ಬಡಿಯುತ್ತಾನೆ. ಹಲಗೆ ಬಟ್ಟೆಯ ಅಂಚಿಗೆ ತಾಗಿ ನಿಲ್ಲುವ ಫ್ರೇಮು ಒಂದೇ ಒಂದು. ಧ್ವನಿಯ ಅಲೆಯಲ್ಲೂ ಅಲ್ಲಿ ಚೂಪಾದ ಒಂದೇ ಶಿಖರ. ಇಷ್ಟು ಒಳ್ಳೆಯ ಗುರುತು ಕ್ಲ್ಯಾಪ್ ಬೋರ್ಡಿನಲ್ಲೂ ಸಿಗುವುದಿಲ್ಲ. ಯಾವ ಕಸುಬಿನ ಚಿತ್ರವಾದರೂ ಇಂಥದ್ದೊಂದು ಇರುತ್ತದೆ: ಕಮ್ಮಾರನ ಸುತ್ತಿಗೆ, ಒಗೆಯುವ ಕಲ್ಲಿನ ಮೇಲೆ ಬೀಳುವ ಬಟ್ಟೆ, ಚಂಡೆಯ ಮೇಲೆ ಬೀಳುವ ಕೋಲು.

ಮೊದಲ ಬಡಿತವನ್ನು ಕೂಡಿಸಿ, ಕೊನೆಯ ಬಡಿತದ ಹತ್ತಿರ ಹೋಗಿ ಎಷ್ಟು ವ್ಯತ್ಯಾಸ ಬಂದಿದೆ ನೋಡಿ. ಆ ವ್ಯತ್ಯಾಸವನ್ನು ನಡುವಿನ ಕಾಲಾವಧಿಯಿಂದ ಭಾಗಿಸಿ. ಬರುವ ಸಂಖ್ಯೆ ದೋಷದ ಗುರುತು ಹೇಳುತ್ತದೆ.

ವ್ಯತ್ಯಾಸ ಮೊದಲಿನಿಂದ ಕೊನೆಯವರೆಗೆ ಒಂದೇ ಇದ್ದರೆ ಅದು ಬರೀ ಜೋಡಣೆಯ ತಪ್ಪು. ಸರಿಸಿದರೆ ಮುಗಿಯಿತು. ಕ್ಯಾಮೆರಾ ದೂರದಲ್ಲಿದ್ದು, ಅದರ ಮೈಕಿನ ಧ್ವನಿಗೆ ರೆಕಾರ್ಡರಿನದನ್ನು ತಂತ್ರಾಂಶವೇ ತಾನಾಗಿ ಹೊಂದಿಸಿದ್ದರೆ ಹೀಗಾಗುತ್ತದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಅಂದರೆ ಸುಮಾರು 14 ಮೀಟರಿಗೆ ಒಂದು ಫ್ರೇಮು ತಡ. ಬಯಲಾಟವನ್ನು ಸಭೆಯ ಹಿಂದಿನಿಂದ ಚಿತ್ರಿಸಿದವರಿಗೆ ಇದು ಎದ್ದು ಕಾಣುತ್ತದೆ.

ನಿಮಿಷಕ್ಕೆ ಸುಮಾರು 5 ಸೆಕೆಂಡು ತಪ್ಪುತ್ತಿದ್ದು, ದನಿಯೂ ಒಂದೂವರೆ ಸ್ವರಸ್ಥಾನದಷ್ಟು ಏರಿ ಕೀರಲಾಗಿದ್ದರೆ ಅದು ಸ್ಯಾಂಪಲ್ ರೇಟಿನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಿದೆ ಎಂಬುದರ ಗೊಂದಲ. 44.1 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದದ್ದನ್ನು ಪರಿವರ್ತನೆ ಇಲ್ಲದೆ 48ರಲ್ಲಿ ಓಡಿಸುತ್ತಿದ್ದೀರಿ. ವಿಡಿಯೊ ಕೆಲಸಕ್ಕೆ 48 ಕಿಲೋಹರ್ಟ್ಸ್ ವಾಡಿಕೆ. ಫೈಲನ್ನು ಸರಿಯಾಗಿ 48ಕ್ಕೆ ಪರಿವರ್ತಿಸಿ ಮತ್ತೆ ತನ್ನಿ.

ನಿಮಿಷಕ್ಕೆ 2.4 ಸೆಕೆಂಡು ತಪ್ಪಿದರೆ 24 ಫ್ರೇಮಿನ ಚಿತ್ರವನ್ನು ಯಾರೋ 25ರ ವೇಗಕ್ಕೆ ಓಡಿಸಿದ್ದಾರೆ. ಹತ್ತು ನಿಮಿಷಕ್ಕೆ 0.6 ಸೆಕೆಂಡು ತಪ್ಪಿದರೆ ಅದು ಸಾವಿರಕ್ಕೆ ಒಂದರ ವ್ಯತ್ಯಾಸ, ಅಂದರೆ 23.976 ಮತ್ತು 24, ಇಲ್ಲವೇ 29.97 ಮತ್ತು 30ರ ಕಲಬೆರಕೆ. ಎರಡಕ್ಕೂ ಪರಿಹಾರ ಒಂದೇ: ಕ್ಲಿಪ್ಪಿನ ವೇಗ ಬದಲಿಸಿದ ಸೆಟ್ಟಿಂಗನ್ನು ಹುಡುಕಿ ಮೂಲ ಸಂಖ್ಯೆಗೆ ತನ್ನಿ. ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಲು ಹೋಗಬೇಡಿ. ಧ್ವನಿ ಸರಿಯಾಗಿಯೇ ಇದೆ, ಓಡುತ್ತಿರುವುದು ಚಿತ್ರ.

ಇಡೀ ಗಂಟೆಗೆ ಎರಡರಿಂದ ಐದು ಫ್ರೇಮು ಮಾತ್ರ ಜಾರಿದರೆ ಯಾರ ತಪ್ಪೂ ಅಲ್ಲ. ರೆಕಾರ್ಡರಿಗೊಂದು ಗಡಿಯಾರ, ಕ್ಯಾಮೆರಾಗೊಂದು ಗಡಿಯಾರ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 180 ಮಿಲಿಸೆಕೆಂಡು ಆಗುತ್ತದೆ. ಇದಕ್ಕೂ ಇಡೀ ಫೈಲನ್ನು ಹಿಗ್ಗಿಸುವುದು ಬೇಡ. ಸಾಕ್ಷ್ಯಚಿತ್ರದಲ್ಲಿ ಒಂದು ಗಂಟೆಯ ಸಂದರ್ಶನದಿಂದ ಉಳಿಯುವುದು ಅಲ್ಲೊಂದು ಇಲ್ಲೊಂದು ತುಣುಕು. ಬಳಸುವ ತುಣುಕನ್ನು ಅದರದೇ ಜಾಗದಲ್ಲಿ ಹೊಸದಾಗಿ ಕೂಡಿಸಿಕೊಂಡರೆ ಸಾಕು.

ಕೊನೆಯದು ಎಲ್ಲಕ್ಕಿಂತ ಕಾಡುವಂಥದ್ದು. ಮೊದಲಲ್ಲಿ ಕೂಡಿದೆ, ನಡುವೆ ತಪ್ಪಿದೆ, ಸ್ವಲ್ಪ ಮುಂದೆ ಮತ್ತೆ ಹತ್ತಿರ ಬಂದಿದೆ. ಯಾವ ಭಾಗಾಕಾರಕ್ಕೂ ಒಗ್ಗುವುದಿಲ್ಲ. ಹೀಗಿದ್ದರೆ ಅದು ಫೋನಿನ ವಿಡಿಯೊ ಎಂದು ಕಣ್ಣುಮುಚ್ಚಿ ಹೇಳಬಹುದು. ಫೋನು 30 ಫ್ರೇಮು ಎಂದು ತೋರಿಸುತ್ತದೆ, ಆದರೆ ಬೆಳಕು ಕಡಿಮೆಯಾದಾಗ, ಪ್ರೊಸೆಸರಿಗೆ ಒತ್ತಡವಾದಾಗ ಫ್ರೇಮುಗಳ ಅಂತರ ಬದಲಿಸುತ್ತಲೇ ಇರುತ್ತದೆ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ನೇಕಾರ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾನೆ, ಬೆಳಕು ಬರುವುದು ಒಂದು ಕಿಟಕಿಯಿಂದ. ಕ್ಯಾಮೆರಾದ ಶಾಟೆಲ್ಲ ನೆಟ್ಟಗಿದ್ದು, ಫೋನಿನ ಕೋನದಲ್ಲಿ ಮಾತ್ರ ಹಲಗೆಯ ಬಡಿತ ಒಮ್ಮೆ ಮುಂದೆ ಒಮ್ಮೆ ಹಿಂದೆ ಬೀಳುತ್ತಿದ್ದದ್ದು ಇದೇ ಕಾರಣಕ್ಕೆ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಫೈಲು ತೆರೆದು ಫ್ರೇಮ್ ರೇಟ್ ಮೋಡ್ ಎಂಬ ಸಾಲು ನೋಡಿ. ಅಲ್ಲಿ ವೇರಿಯಬಲ್ ಎಂದಿದ್ದರೆ ರೋಗ ಪತ್ತೆಯಾಯಿತು. ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ ಹೊಸ ಫೈಲು ಮಾಡಿಕೊಂಡು, ಅದರ ಮೇಲೆ ಎಡಿಟ್ ಮಾಡಿ. ಎಡಿಟ್ ಆಗಲೇ ಮುಗಿದಿದ್ದರೆ ಹೊಸ ಫೈಲಿಗೆ ಮರುಜೋಡಣೆ ಮಾಡಬಹುದು, ಆದರೆ ಕಟ್‌ಗಳು ಕೆಲವು ಫ್ರೇಮು ಅತ್ತಿತ್ತ ಸರಿದಿರುತ್ತವೆ. ಫೋನಿನ ಪ್ರತಿ ಶಾಟನ್ನೂ ಕಣ್ಣಾರೆ ನೋಡಿಯೇ ಮುಂದುವರಿಯಬೇಕು.

ಹೆಡ್‌ಫೋನಿನಲ್ಲಿ ಇದೆ, ಹಾಲ್‌ನಲ್ಲಿ ಇಲ್ಲ

ಪ್ರದರ್ಶನದ ದಿನ ಎಲ್ಲರನ್ನೂ ಗಾಬರಿಗೆ ಬೀಳಿಸುವ ದೋಷ ಇದು. ಸಂಗೀತ ಕೇಳುತ್ತದೆ, ಬೀದಿಯ ಸದ್ದು ಕೇಳುತ್ತದೆ, ಮಾತನಾಡುವವರ ಬಾಯಿ ಅಲುಗುತ್ತದೆ, ಮಾತು ಮಾತ್ರ ಎಲ್ಲೋ ಆಳದಲ್ಲಿ ಪಿಸುಗುಟ್ಟುತ್ತದೆ. ಇದಕ್ಕೆ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿವೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

ಮೊದಲನೆಯದು ಚಿತ್ರೀಕರಣದಲ್ಲೇ ಹುಟ್ಟಿದ್ದು. ದೊಡ್ಡ ಮೈಕಿನ ಎಕ್ಸ್‌ಎಲ್‌ಆರ್ ವೈರಿನಲ್ಲಿ ಧ್ವನಿ ಎರಡು ತಂತಿಗಳಲ್ಲಿ ಬರುತ್ತದೆ, ಒಂದರದ್ದು ಇನ್ನೊಂದರ ಮಗುಚಿದ ರೂಪ. ಅದನ್ನು ಸರಿಯಿಲ್ಲದ ವೈರಿನ ಮೂಲಕ ಕ್ಯಾಮೆರಾದ ಸ್ಟೀರಿಯೊ ಮೈಕ್ ತೂತಿಗೆ ಚುಚ್ಚಿದರೆ ಒಂದು ತಂತಿ ಎಡ ಚಾನೆಲ್‌ಗೆ, ಇನ್ನೊಂದು ಬಲಕ್ಕೆ ಹೋಗಿ ಕೂರುತ್ತದೆ. ಹೆಡ್‌ಫೋನಿನಲ್ಲಿ ಎರಡು ಕಿವಿಗೆ ಎರಡು ಬೇರೆ ಬೇರೆಯಾಗಿ ತಲುಪುವುದರಿಂದ ಮಾತು ಇರುತ್ತದೆ, ತುಸು ಅಗಲವಾಗಿ, ತಲೆಯ ನಡುವೆ ನಿಲ್ಲದೆ ಅತ್ತಿತ್ತ ಹರಡಿದಂತೆ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿದ ಕೂಡಲೇ ಕೂಡಿ ಕಳೆದು ಸೊನ್ನೆಯಾಗುತ್ತದೆ.

ಪರೀಕ್ಷೆ ಸುಲಭ. ಟೈಮ್‌ಲೈನಿನ ಔಟ್‌ಪುಟ್ಟನ್ನು ಮೋನೊ ಮಾಡಿ, ಅಂದರೆ ಎಡ ಬಲ ಎರಡನ್ನೂ ಒಂದಾಗಿ ಕೂಡಿಸಿ ಕೇಳಿ, ಮಾತು ಕರಗಿದರೆ ಇದೇ. ಅಥವಾ ಅಲೆಯನ್ನು ಚೆನ್ನಾಗಿ ದೊಡ್ಡದು ಮಾಡಿ ನೋಡಿ: ಎಡದಲ್ಲಿ ಗುಡ್ಡ ಇರುವ ಜಾಗದಲ್ಲೇ ಬಲದಲ್ಲಿ ಅಷ್ಟೇ ಆಳದ ತಗ್ಗು ಇರುತ್ತದೆ. ಪರಿಹಾರ ಇನ್ನೂ ಸುಲಭ: ಒಂದು ಚಾನೆಲ್ ಬಿಸಾಕಿ, ಇನ್ನೊಂದನ್ನೇ ಮೋನೊ ಆಗಿ ಎರಡೂ ಕಡೆ ಕಳಿಸಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್‌ನೊಳಗೆ ಆಡಿಯೊ ಭಾಗದಲ್ಲಿ ಇದನ್ನು ಮಾಡಬಹುದು. ಮಾತಿನ ಗುಣ ಒಂದಿಷ್ಟೂ ಕೆಡುವುದಿಲ್ಲ.

ಎರಡನೆಯದು ಹಾಲ್‌ನಲ್ಲಿ ಹುಟ್ಟುತ್ತದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಸೆಮಿನಾರ್ ಹಾಲ್‌ನ ಮಿಕ್ಸರಿಗೆ ಒಂದೇ ವೈರು ಎಳೆದಿರುತ್ತಾರೆ. ಮಿಕ್ಸರಿನ ಮೈಕ್ ಚಾನೆಲ್ ಬ್ಯಾಲೆನ್ಸ್ಡ್ ಆಗಿರುತ್ತದೆ, ಅಂದರೆ ಬಂದ ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ಅದು ತೆಗೆದುಕೊಳ್ಳುತ್ತದೆ. ಈಗ ಬಂದಿರುವುದು ನಿಮ್ಮ ಎಡ ಮತ್ತು ಬಲ. ಮಾತು ಎರಡರಲ್ಲೂ ಒಂದೇ ಸಮ ಇರುವುದರಿಂದ ಕಳೆದು ಹೋಗುತ್ತದೆ. ಎಡ ಬಲದಲ್ಲಿ ಬೇರೆ ಬೇರೆ ಇರುವ ಸಂಗೀತ, ಹಿನ್ನೆಲೆ ಸದ್ದು ಉಳಿಯುತ್ತದೆ. ಇಲ್ಲಿ ನಿಮ್ಮ ಚಿತ್ರ ಪೂರಾ ಸರಿಯಾಗಿದೆ.

ಎರಡರಲ್ಲಿ ಯಾವುದು ಎಂದು ತಿಳಿಯಲು ಅದೇ ಲ್ಯಾಪ್‌ಟಾಪಿನಲ್ಲಿ ಬೇರೆ ಯಾವುದಾದರೂ ಸಿನಿಮಾ ಹಾಡು ಹಾಕಿ. ಗಾಯಕರ ದನಿಯೂ ಮಾಯವಾಗಿ ವಾದ್ಯ ಮಾತ್ರ ಉಳಿದರೆ ವೈರಿನದೇ ತಪ್ಪು. ಸ್ಟೀರಿಯೊ ಪಿನ್ನಿನಿಂದ ಎರಡು ಪ್ರತ್ಯೇಕ ಮೋನೊ ಪಿನ್ನಿಗೆ ಒಡೆಯುವ ವೈರು ತಂದು ಎರಡು ಚಾನೆಲ್‌ಗೆ ಹಾಕಿ. ಅದು ಕೈಯಲ್ಲಿಲ್ಲ, ಸಭೆ ಕೂತಿದೆ ಎಂದರೆ, ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಕಳೆಯಲು ಬಲವೇ ಇಲ್ಲದಿರುವುದರಿಂದ ಮಾತು ತಿರುಗಿ ಬರುತ್ತದೆ.

ಇದರ ತಮ್ಮನಂಥ ದೋಷ ಇನ್ನೊಂದಿದೆ. ಕಾಲರ್ ಮೈಕನ್ನೂ ಕ್ಯಾಮೆರಾ ಮೈಕನ್ನೂ ಒಟ್ಟಿಗೆ ಇಟ್ಟುಕೊಂಡಾಗ ದನಿ ಟೊಳ್ಳಾಗುತ್ತದೆ. ಮೈಕುಗಳ ನಡುವೆ ಒಂದು ಮೀಟರ್ ಅಂತರವಿದ್ದರೆ ಧ್ವನಿ ಸುಮಾರು 3 ಮಿಲಿಸೆಕೆಂಡು ತಪ್ಪಿ ಕೂಡುತ್ತದೆ, ಗಂಡಸಿನ ದನಿಯ ತೂಕವಿರುವ 170 ಹರ್ಟ್ಸ್ ಆಸುಪಾಸಿನಿಂದಲೇ ಅಲ್ಲಲ್ಲಿ ತಗ್ಗು ಬೀಳುತ್ತವೆ. ಬೇರೆ ಬೇರೆ ಹರ್ಟ್ಸ್‌ನ ಮಟ್ಟ ಏರಿಸಿ ಇಳಿಸುವ ಈಕ್ವಲೈಸರಿನಿಂದ ಅವನ್ನು ತುಂಬಲು ನೋಡಬೇಡಿ. ಒಂದು ಮೈಕನ್ನು ಆರಿಸಿ, ಇನ್ನೊಂದನ್ನು ಮ್ಯೂಟ್ ಮಾಡಿ.

ಗುಂಯ್, ಟರ್, ಸುಸ್

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಕರೆಂಟಿನಿಂದ ಬರುವ ಗುಂಯ್ 50, 100, 150ರಲ್ಲಿ ಕೂತಿರುತ್ತದೆ. ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಪಾಠಗಳು 60 ಕತ್ತರಿಸಿ ಎನ್ನುತ್ತವೆ, ಇಲ್ಲಿ ಅದರಿಂದ ಉಪಯೋಗವಿಲ್ಲ. ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರೋಗ್ರಾಮಿನಲ್ಲಿ ಅಡ್ಡಡ್ಡ ನೇರ ಗೆರೆಗಳಾಗಿ ಇದು ಕಾಣುತ್ತದೆ. ಗೆರೆ ಎರಡು ಮೂರೇ ಇದ್ದರೆ ಆ ಗೆರೆಯನ್ನಷ್ಟೇ ಕತ್ತರಿಸುವ ಕಿರಿದಾದ ನಾಚ್ ಫಿಲ್ಟರ್ ಸಾಕು. 100ರ ಹತ್ತಿರ ಗಂಡಸಿನ ದನಿಯ ಬುಡವೇ ಇರುವುದರಿಂದ ಅಲ್ಲಿ ಮಾತ್ರ ಕೈ ಹಗುರ ಇರಲಿ. ಗೆರೆಗಳು ಮೇಲಿನವರೆಗೂ ಏಣಿಯಂತೆ ಹೋಗಿದ್ದು ಗುಂಯ್ ಅನ್ನುವುದರ ಬದಲು ಜಿರ್ ಅನ್ನುತ್ತಿದ್ದರೆ ಹಳೆಯ ಇನ್ವರ್ಟರೋ ಫ್ಯಾನಿನ ರೆಗ್ಯುಲೇಟರೋ ಕಾರಣ. ಅದನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಆ ಜಾಗದಲ್ಲಿ ಬೇರೆ ಟೇಕ್ ಹುಡುಕುವುದು ಮೇಲು.

ಚಿತ್ರೀಕರಣದಲ್ಲೇ ಹಿಡಿಯುವುದಾದರೆ: ರೆಕಾರ್ಡರಿನ ಅಥವಾ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ಕೇಳಿ. ಗುಂಯ್ ನಿಂತರೆ ಅರ್ಥಿಂಗ್ ಸಮಸ್ಯೆ. ನಿಲ್ಲದಿದ್ದರೆ ಫ್ರಿಜ್ಜು. ಮನೆಯವರ ಅಪ್ಪಣೆ ಕೇಳಿ ಫ್ರಿಜ್ ಬಂದ್ ಮಾಡಿ, ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೆ ಇಡಿ. ಹೊರಡುವಾಗ ಕೀಲಿ ಬೇಕೇ ಬೇಕು, ಆಗ ಫ್ರಿಜ್ ಹಾಕಲು ಮರೆಯುವುದಿಲ್ಲ. ಅವರ ಮನೆಯ ಹಾಲು ಕೆಡಿಸಿ ಬರುವುದು ಸರಿಯಲ್ಲ.

ಟರ್‌ಟರ್ ಟರ್‌ಟರ್ ಎಂದು ತಾಳ ಹಾಕಿದಂತೆ ಬಂದರೆ ಯಾರದೋ ಜೇಬಿನ ಹಳೆಯ ಟುಜಿ ಫೋನು. ಅದರ ಸಿಗ್ನಲ್ ಸೆಕೆಂಡಿಗೆ 217 ಸಲ ಮಿಡಿಯುತ್ತದೆ, ಮೈಕಿನ ವೈರು ಅದನ್ನು ಎಳೆದುಕೊಳ್ಳುತ್ತದೆ. ಸೈಲೆಂಟ್ ಮಾಡಿದರೆ ಸಾಲದು, ದೂರ ಇಡಬೇಕು.

ಮಾತು ನಿಂತಾಗಲೆಲ್ಲ ಸುಸ್ ಎಂಬ ಸದ್ದು ಏರಿ, ಮಾತು ಬಂದ ಕೂಡಲೇ ಇಳಿದರೆ ಧ್ವನಿಯ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಕ್ಯಾಮೆರಾದ ಆಟೊ ಗೇನ್ ಆನ್ ಇದೆ. ಬಂದ್ ಮಾಡಿ, ಜೋರಾದ ಮಾತು ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಕೈಯಿಂದ ಇಡಿ. ಫೋನಿಗೆ ಕಾಲರ್ ಮೈಕು ಸಿಕ್ಕಿಸಿಯೂ ದನಿ ದೂರದಿಂದ ಬಂದಂತಿದ್ದರೆ ಪಿನ್ನು ನೋಡಿ: ಮೇಲೆ ಮೂರು ಕಪ್ಪು ಗೆರೆ ಇರಬೇಕು. ಎರಡೇ ಇದ್ದರೆ ಫೋನು ಆ ಮೈಕನ್ನು ಗುರುತಿಸದೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡಿದೆ. ಮೈಕನ್ನು ಉಗುರಿನಿಂದ ಕೆರೆದು ಪ್ಲೇ ಮಾಡಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ.

ಕಟ್ ಕಿವಿಗೆ ಬೀಳುತ್ತಿದೆ

ಚಿತ್ರದಲ್ಲಿ ಕಟ್ ಗೊತ್ತಾಗುತ್ತಿಲ್ಲ, ಕಿವಿಗೆ ಮಾತ್ರ ತಟ್ಟುತ್ತದೆ ಎಂದರೆ ಕಾರಣ ಮೂರರಲ್ಲೊಂದು. ಟಿಕ್ ಎಂಬ ಚಿಕ್ಕ ಸದ್ದಾದರೆ ಅಲೆಯ ನಡುವೆ ಕತ್ತರಿಸಿದ್ದೀರಿ; ಒಂದು ತಗ್ಗುತ್ತ ಇನ್ನೊಂದು ಏರುವಂತೆ ಒಂದೆರಡು ಫ್ರೇಮಿನ ಕ್ರಾಸ್‌ಫೇಡ್ ಹಾಕಿ. ಹಿನ್ನೆಲೆಯೇ ಫಕ್ಕನೆ ಬದಲಾದರೆ ಕೋಣೆಯ ಸದ್ದು ಬೇಕು. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ರೆಕಾರ್ಡ್ ಮಾಡಿದ್ದರೆ ಅದನ್ನೇ ಕಟ್‌ನ ಕೆಳಗೆ ಹಾಸಿ. ಮಾಡಿರದಿದ್ದರೆ ಆ ಸಂದರ್ಶನದಲ್ಲೇ ನಿಮ್ಮ ಪ್ರಶ್ನೆಗೂ ಅವರ ಉತ್ತರಕ್ಕೂ ನಡುವಿನ ಮೌನಗಳನ್ನು ಆರಿಸಿ ಜೋಡಿಸಿ. ಒಂದೇ ತುಣುಕನ್ನು ಸುತ್ತಿಸುತ್ತ ಹೋದರೆ ಅದರಲ್ಲಿರುವ ಕಾಗೆ ಎರಡೆರಡು ಸೆಕೆಂಡಿಗೆ ಕೂಗುತ್ತದೆ.

ಮೂರನೆಯದು ಮಾತು ಮುಗಿಯುವ ಮೊದಲೇ ಕತ್ತರಿಸುವುದು. ಅದಕ್ಕೆ ತಂತ್ರಾಂಶದಲ್ಲಿ ಮದ್ದಿಲ್ಲ, ಮತ್ತು ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅಲ್ಲ ಇಲ್ಲಗಳೂ ಅಲ್ಲೇ ಬರುತ್ತವೆ. ದನಿ ಕೆಳಗಿಳಿದು ಕೂರುವುದೂ ಅಲ್ಲೇ. ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ಎಡಿಟ್ ಮಾಡುವವರು ಅಲ್ಲಿ ಅರ್ಥ ಮುಗಿದ ಕೂಡಲೇ ಕತ್ತರಿಸಿಬಿಡುತ್ತಾರೆ. ದನಿ ಮೇಲೆಯೇ ತೂಗಾಡುತ್ತ ನಿಲ್ಲುತ್ತದೆ, ಕಟ್ ಒರಟಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಅರ್ಥದ್ದು. ‘ನನ್ನ ಮಗ ಮಗ್ಗಕ್ಕ ಕೂಡ್ತಾನ ಅಂತ ನಾ ಏನ್ ಅನ್ಕೊಂಡಿಲ್ರಿ’ ಎಂಬ ಮಾತನ್ನು ನಾಲ್ಕು ಪದ ಮೊದಲು ಕತ್ತರಿಸಿದರೆ ಆ ನೇಕಾರ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಮಾತು ಪರದೆಯ ಮೇಲೆ ನಿಲ್ಲುತ್ತದೆ. ಕಟ್ ಒರಟಾಗಿ ಕೇಳಿದ ಕಡೆಯೆಲ್ಲ ಮೂಲ ಫೈಲಿಗೆ ಹೋಗಿ, ಹತ್ತು ಸೆಕೆಂಡು ಮುಂದಿನವರೆಗೆ ಪೂರ್ತಿ ಕೇಳಿ, ಆ ವ್ಯಕ್ತಿ ಅಂದದ್ದು ಅದೇ ಹೌದೇ ಎಂದು ನೋಡಿ. ಆ ಪ್ರಾಂತದ ಮಾತು ತಿಳಿಯದವರು ಎಡಿಟ್ ಮಾಡುತ್ತಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ದೋಷವಲ್ಲದ ಸದ್ದು

ಇಳಕಲ್ಲಿನ ತಂಡದ ಹುಡುಗಿ ಮೈಕು ಸಿಕ್ಕಿಸುವಾಗ ನೇಕಾರ ಅಜ್ಜ ಕೇಳುವುದು ರೆಕಾರ್ಡಿಂಗಿನಲ್ಲಿದೆ: ‘ಮಗ್ಗ ನಿಂದರಸಿ ಮಾತಾಡ್ಲೇನು ತಂಗಿ, ನೇಯ್ಕೋಂತ ಮಾತಾಡ್ಲೋ?’ ಅವಳು, ‘ನೇಯ್ಕೋಂತ ಮಾತಾಡ್ರಿ ಅಜ್ಜಾರ’ ಅನ್ನುತ್ತಾಳೆ. ಒಳ್ಳೆಯ ನಿರ್ಧಾರ. ಆದರೆ ಎಡಿಟಿಂಗಿಗೆ ಬಂದಾಗ ಬಡಿತದ ಕೆಳಗೆ ಮಾತು ಸಿಕ್ಕಿಹಾಕಿಕೊಂಡಿತ್ತು, ತಂಡ ಗದ್ದಲ ತೆಗೆಯುವ ಡೀನಾಯ್ಸ್ ಪ್ಲಗಿನ್ ಹಾಕಿತ್ತು. ಹಾಕಿದ ಮೇಲೆ ಅಜ್ಜ ನೀರಿನೊಳಗಿಂದ ಮಾತಾಡಿದಂತಿತ್ತು. ಕಾರಣವಿದೆ. ಫ್ಯಾನಿನಂತೆ ಒಂದೇ ಸಮ ಇರುವ ಸದ್ದನ್ನು ಡೀನಾಯ್ಸ್ ಗುರುತಿಸಿ ತೆಗೆಯಬಲ್ಲದು. ಮಗ್ಗದ ಬಡಿತ ಕ್ಷಣಮಾತ್ರದ್ದು, ತಗ್ಗಿನಿಂದ ತಾರಕದವರೆಗೆ ಎಲ್ಲ ಕಡೆ ಹರಡಿದ್ದು. ನಮ್ಮ ಮಾತಿನ ಕ, ಚ, ಟ, ತ, ಪಗಳೂ ಅಂಥದೇ ಪುಟ್ಟ ಸ್ಫೋಟಗಳು. ಒಂದನ್ನು ಅಳಿಸಲು ಹೋದರೆ ಇನ್ನೊಂದೂ ಅಳಿಯುತ್ತದೆ, ಸ್ವರಗಳು ಮಾತ್ರ ಉಳಿಯುತ್ತವೆ.

ತಂಡದ ಜೊತೆ ನಾನೂ ಕೂತು, ಅಲ್ಲಿ ಡೀನಾಯ್ಸ್ ಪೂರ್ತಿ ತೆಗೆದು, ಎರಡು ಪದಗಳ ನಡುವೆ ಬಿದ್ದ ಬಡಿತಗಳನ್ನಷ್ಟೇ ವಾಲ್ಯೂಮ್ ಗೆರೆ ಇಳಿಸಿ 6ರಿಂದ 8 ಡೆಸಿಬೆಲ್ ತಗ್ಗಿಸಿದೆವು. ಮಾತಿನ ಮೇಲೆ ಬಿದ್ದವನ್ನು ಮುಟ್ಟಲಿಲ್ಲ. ಅಜ್ಜನ ಕೈ, ಲಾಳಿ ಕಾಣುವ ಶಾಟುಗಳನ್ನು ಆ ಮಾತಿನ ಮೇಲೆ ತಂದೆವು. ಸದ್ದಿನ ಮೂಲ ಕಣ್ಣಿಗೆ ಕಂಡಾಗ ಕಿವಿ ಅದನ್ನು ಗದ್ದಲ ಎನ್ನುವುದಿಲ್ಲ, ಮಾತನ್ನು ತಾನೇ ಬಿಡಿಸಿಕೊಂಡು ಕೇಳುತ್ತದೆ. ತಂಡದವರು ಮಗ್ಗದ ಸದ್ದನ್ನು ಮಾತಿಲ್ಲದೆ ಬೇರೆಯಾಗಿಯೂ ರೆಕಾರ್ಡ್ ಮಾಡಿದ್ದರಿಂದ ತಗ್ಗಿಸಿದ ಕಡೆ ತೂತು ಬಿದ್ದಂತೆ ಅನ್ನಿಸದ ಹಾಗೆ ಅದನ್ನು ತೆಳ್ಳಗೆ ಹಾಸಲು ಆಯಿತು. ಊರಿನ ಪವರ್‌ಲೂಮ್‌ಗಳ ಸದ್ದೂ ಗೋಡೆಯಾಚೆಯಿಂದ ಬರುತ್ತಿತ್ತು. ಅದನ್ನೂ ತೆಗೆಯುವುದು ಬೇಡ ಎಂದೆ. ಕೈಮಗ್ಗದವರು ಏನನ್ನು ಕೇಳುತ್ತ ನೇಯುತ್ತಾರೋ ಅದು ಚಿತ್ರದಲ್ಲಿ ಇರಬೇಕು.

ಮಟ್ಟ ಮತ್ತು ಎಕ್ಸ್‌ಪೋರ್ಟು

ಮಾತು ಸಂಗೀತದಡಿ ಹೂತುಹೋಗುತ್ತಿದ್ದರೆ ಸಂಗೀತದ ವಾಲ್ಯೂಮ್ ಇಳಿಸುವ ಮೊದಲು, ಸಂಗೀತದಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಈಕ್ವಲೈಸರಿನಿಂದ ಮೂರು ನಾಲ್ಕು ಡೆಸಿಬೆಲ್ ತಗ್ಗು ಮಾಡಿ ನೋಡಿ. ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿ. ಇಡೀ ಮಿಕ್ಸನ್ನು ಹೆಡ್‌ಫೋನಿನ ಒಂದೇ ವಾಲ್ಯೂಮಿನಲ್ಲಿ ಮುಗಿಸಿ. ನಡುವೆ ಏರಿಸಿ ಇಳಿಸಿದರೆ ಮೊದಲ ಅರ್ಧಕ್ಕೂ ಎರಡನೆಯ ಅರ್ಧಕ್ಕೂ ಹೊಂದುವುದಿಲ್ಲ.

ಒಟ್ಟು ಜೋರನ್ನು ಕಣ್ಣಳತೆಗೆ ಬಿಡದೆ ಲೌಡ್‌ನೆಸ್ ಮೀಟರಿನಲ್ಲಿ ನೋಡಿ. ಯೂರೋಪಿನ ಪ್ರಸಾರದ ಮಾನದಂಡ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ). ಯೂಟ್ಯೂಬ್ ಸುಮಾರು ಮೈನಸ್ 14ಕ್ಕಿಂತ ಜೋರಾದುದನ್ನು ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಹಾಗಾಗಿ ಪ್ರಸಾರಕ್ಕೆಂದು ಮಾಡಿದ ಫೈಲನ್ನೇ ಯೂಟ್ಯೂಬಿಗೆ ಹಾಕಿದರೆ ಚಿತ್ರ ಮೆತ್ತಗೆ ಕೇಳುತ್ತದೆ. ಅದಕ್ಕೆ ಬೇರೆ ಫೈಲು ಮಾಡಿ. ಉತ್ಸವಕ್ಕೆ ಕಳಿಸುವುದಾದರೆ ಅವರ ನಿಯಮಾವಳಿಯಲ್ಲಿ ಇರುವ ಸಂಖ್ಯೆಯೇ ಅಂತಿಮ.

ಧ್ವನಿಯನ್ನು ಬೇರೆ ತಂತ್ರಾಂಶದಲ್ಲಿ ಮಿಕ್ಸ್ ಮಾಡಿ ತರುವಾಗ ಜಾರಿದೆಯೇ ಎಂದು ತಿಳಿಯಲು ಚಿತ್ರದ ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡು ಮುಂಚೆ ಒಂದೇ ಫ್ರೇಮಿನ ಬಿಳಿ ಪರದೆ, ಅದರ ಜೊತೆ ಒಂದೇ ಫ್ರೇಮಿನ ಬೀಪ್ ಇಡಿ. ಚಿತ್ರ ಮುಗಿದ 2 ಸೆಕೆಂಡಿಗೆ ಇನ್ನೊಂದು. ತಿರುಗಿ ಬಂದ ಫೈಲಿನಲ್ಲಿ ಎರಡೂ ಬೀಪು ಎರಡೂ ಬಿಳಿ ಫ್ರೇಮಿನ ಮೇಲೆ ಕೂತಿವೆಯೇ ನೋಡಿ. ಮೊದಲನೆಯದು ಕೂತು ಎರಡನೆಯದು ತಪ್ಪಿದರೆ ಮೇಲೆ ಹೇಳಿದ ಭಾಗಾಕಾರ ಮಾಡಿ. ಎಲ್ಲ ಸರಿಯಾದ ಮೇಲೆ ಮಾತು, ಸ್ಥಳದ ಸದ್ದು, ಸಂಗೀತ ಈ ಮೂರನ್ನೂ ಬೇರೆ ಬೇರೆ ಫೈಲಾಗಿಯೂ ಎಕ್ಸ್‌ಪೋರ್ಟ್ ಮಾಡಿ, ಪ್ರಾಜೆಕ್ಟಿನ ಜೊತೆ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡಿ. ಹಾಡಿನ ಹಕ್ಕು ಸಿಗದೆ ಸಂಗೀತ ತೆಗೆಯಬೇಕಾಗಿ ಬಂದರೆ ಅಷ್ಟನ್ನೇ ಬದಲಿಸಬಹುದು.